ಟಂಡ್ರಾಕ್ಕೆ ಹೋದ ಗೊಜ್ಜು

ಮೇ ತಿಂಗಳ ಒಂದು ಭಾನುವಾರ ಮೆಲ್ಬರ್ನ್‌ನಿಂದ ನನ್ನ ಗೆಳತಿ ಫೋನ್ ಮಾಡಿ, ಪುಳಿಯೋಗರೆ ಗೊಜ್ಜು ಮಾಡಿ ಕಳಿಸುತ್ತೀಯಾ ಎಂದು ಕೇಳಿದಳು. ಬೇಗ ಕೆಡಬಾರದು, ನೀರಿನ ಪಸೆ ಇರಬಾರದು, ಸ್ವಲ್ಪ ಹೆಚ್ಚೇ ಇರಲಿ ಎಂದಳು. ನಾನು ಉಬ್ಬಿಹೋದೆ. ಅವಳ ಮನೆಯಿಂದ ಡ್ಯಾಂಡಿನಾಂಗ್ ಮಾರ್ಕೆಟ್ಟಿಗೆ ನಡೆದೇ ಹೋಗಬಹುದು, ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಗೊಜ್ಜು ಬಾಟಲಿಗಟ್ಟಲೆ ಸಿಗುತ್ತದೆ. ಅದನ್ನೆಲ್ಲ ಬಿಟ್ಟು ಸಿಡ್ನಿಯ ಟೂಂಗಾಬಿಯಲ್ಲಿ ಕೂತಿರುವ ನನ್ನನ್ನು ಕೇಳಿದಳಲ್ಲ, ಅಷ್ಟು ಸಾಕಿತ್ತು ನನಗೆ.

ಗೊಜ್ಜಿನ ವಿಷಯದಲ್ಲಿ ನನಗೆ ಜಂಬವಿದೆ. ಹುಣಸೆಹಣ್ಣು, ಬೆಲ್ಲ, ಹುರಿದ ಎಳ್ಳು, ಕೊಬ್ಬರಿ ಎಲ್ಲ ಸೇರಿ ಎಣ್ಣೆ ಬಿಡುವ ತನಕ ಒಲೆಯ ಮುಂದೆ ನಿಂತು ಕುದಿಸಬೇಕು. ಆ ತಾಳ್ಮೆ ಈಗಿನ ಹುಡುಗಿಯರಿಗಿಲ್ಲ. ಎರಡು ಬಾಟಲಿ ತುಂಬಿಸಿ, ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೊರಟಿದ್ದ ನನ್ನ ಗಂಡನ ಸಹೋದ್ಯೋಗಿಯ ಕೈಯಲ್ಲಿ ಕಳಿಸಿದೆ. ಫೋನಿನಲ್ಲಿ ಪಾಠವನ್ನೂ ಹೇಳಿದೆ. ಬರೀ ಗೊಜ್ಜು ಕಲಸಿದರೆ ಅದು ಪುಳಿಯೋಗರೆ ಅಲ್ಲ, ಕಲಸಿದಾಗಲೆಲ್ಲ ಹೊಸದಾಗಿ ಒಗ್ಗರಣೆ ಹಾಕಬೇಕು, ಇಂಗಿಗೆ ಜಿಪುಣತನ ಮಾಡಬಾರದು. ಅವಳು ಹ್ಞೂಂ ಹ್ಞೂಂ ಎಂದಳು. ಏನು ವಿಶೇಷ ಎಂದು ಕೇಳಿದ್ದಕ್ಕೆ, ಒಂದು ಟ್ರಿಪ್ ಇದೆ ಎಂದಷ್ಟೇ ಹೇಳಿದಳು. ಸಮುದ್ರದ ಕಡೆ ಎಲ್ಲೋ ಎರಡು ದಿನ ಹೋಗುತ್ತಾಳೆ ಎಂದುಕೊಂಡೆ.

ಜುಲೈ ತಿಂಗಳಲ್ಲಿ ಬ್ಲ್ಯಾಕ್‌ಟೌನಿನ ಒಂದು ಹಾಲ್‌ನಲ್ಲಿ ಪರಿಚಯದವರ ಮಗುವಿನ ಬರ್ತ್‌ಡೇ ಪಾರ್ಟಿ. ಸಮೋಸ ತಟ್ಟೆ ಹಿಡಿದು ನಿಂತಿದ್ದ ನನಗೆ ಒಬ್ಬ ಆಂಟಿ, ನಿಮ್ಮ ಫ್ರೆಂಡು ಭೂಮಿಯ ತುದಿಗೇ ಹೋಗಿದ್ದಾಳಂತಲ್ಲ, ಕೆನಡಾದ ಉತ್ತರದಲ್ಲಿ, ಮರವೇ ಬೆಳೆಯದ ಟಂಡ್ರಾ ಬಯಲಲ್ಲಿ ಟೆಂಟ್ ಹಾಕಿಕೊಂಡು ಇದ್ದಾಳಂತಲ್ಲ ಎಂದರು. ಜೊತೆಗೆ ಯಾರೋ ಹುಬ್ಬಳ್ಳಿಯ ಹುಡುಗಿಯೂ ಹೋಗಿದ್ದಾಳಂತೆ. ಅವರು ಹೇಳಿ ಮುಗಿಸುವ ಮೊದಲೇ ನಾನು, ಗೊತ್ತು ಆಂಟಿ, ಗೊಜ್ಜು ನಾನೇ ಮಾಡಿ ಕಳಿಸಿದ್ದು ಎಂದುಬಿಟ್ಟೆ. ಮಾನ ಉಳಿಸಿಕೊಳ್ಳಲು ಆಡಿದ ಮಾತು. ಆಡಿದ ಮೇಲೆಯೇ ಅದು ನಿಜವೆಂದು ಹೊಳೆದದ್ದು. ನನ್ನ ಗೊಜ್ಜು ಆರ್ಕ್ಟಿಕ್ ವೃತ್ತ ದಾಟಿತ್ತು, ನಾನು ಆ ವಾರ ಟೂಂಗಾಬಿ ದಾಟಿ ಪಕ್ಕದ ಬ್ಲ್ಯಾಕ್‌ಟೌನಿಗೆ ಬಂದದ್ದೇ ದೊಡ್ಡದು.

ಬೇರೆ ಎಲ್ಲಿಗೆ ಹೋಗಿದ್ದರೂ ನಾನು ಸಹಿಸುತ್ತಿದ್ದೆ. ಪ್ಯಾರಿಸ್‌ಗೆ ಹೋಗಲಿ, ಸಿಂಗಾಪುರಕ್ಕೆ ಹೋಗಿ ಚಿನ್ನ ತರಲಿ, ನನಗೇನು. ಟಂಡ್ರಾ ಮಾತ್ರ ನಮ್ಮಿಬ್ಬರದು. ಈ ಮಾತು ವಿಚಿತ್ರವಾಗಿ ಕೇಳುತ್ತದೆ, ಆದ್ದರಿಂದ ಹೇಳಿಯೇಬಿಡುತ್ತೇನೆ.

ಸ್ಟೂಡೆಂಟ್ ವೀಸಾದ ಮೇಲೆ ಸಿಡ್ನಿಗೆ ಬಂದ ಹೊಸತರಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು, ಒಂದೇ ಕಡೆ ಕೆಲಸಕ್ಕೂ ಹೋಗುತ್ತಿದ್ದೆವು. ಬ್ಲ್ಯಾಕ್‌ಟೌನ್ ಹತ್ತಿರದ ಒಂದು ಕೋಲ್ಡ್ ಸ್ಟೋರೇಜ್. ಬಟಾಣಿ, ಮೀನು, ಐಸ್‌ಕ್ರೀಮಿನ ಪೆಟ್ಟಿಗೆಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪೇರಿಸುವುದು. ಒಳಗಿನ ಚಳಿಗೆ ಕಣ್ಣಿನ ರೆಪ್ಪೆ ಅಂಟಿಕೊಳ್ಳುತ್ತಿತ್ತು. ಕಂಪನಿ ಕೊಟ್ಟ ದಪ್ಪ ಜಾಕೆಟ್ಟಿನೊಳಗೆ ನಾವು ತುಂಬಿದ ಅಕ್ಕಿ ಮೂಟೆಗಳ ಹಾಗೆ ಕಾಣುತ್ತಿದ್ದೆವು. ನಡುನಡುವೆ ಮೈ ಕಾಯಿಸಿಕೊಳ್ಳಲು ಹೊರಗೆ ಬಿಡುತ್ತಿದ್ದರು. ಆಗ ಕೂರುವ ಕೋಣೆಯ ಗೋಡೆಯ ಮೇಲೆ ಯಾವುದೋ ಕ್ಯಾಲೆಂಡರಿನಿಂದ ಹರಿದು ಅಂಟಿಸಿದ ಚಿತ್ರವಿತ್ತು. ಮರವಿಲ್ಲದ ಬಯಲು, ಸಣ್ಣ ಹಳ್ಳ, ಒಂದು ಟೆಂಟು, ಬೆಟ್ಟದ ಅಂಚಿಗೆ ತಾಗಿದಂತೆ ಸೂರ್ಯ. ಕೆಳಗೆ, ಟಂಡ್ರಾ, ಮಧ್ಯರಾತ್ರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸ್ಕೂಲಿನಲ್ಲಿ ಭೂಗೋಳದ ಟೀಚರ್ ಬಾಯಲ್ಲಿ ಕೇಳಿದ್ದ ಪದ. ಇಬ್ಬರೂ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದೆವು. ಒಂದು ದಿನ ಅವಳು, ಪಿಆರ್ ಸಿಕ್ಕಿದ ಮೇಲೆ ಇಲ್ಲಿಗೆ ಹೋಗೋಣ ಕಣೆ, ಕೂಲಿಗೆ ತಿಂದ ಚಳಿ ಸಾಕು, ಒಂದು ಸಲ ನಮ್ಮ ಖುಷಿಗೆ ಚಳಿ ತಿನ್ನೋಣ ಎಂದಳು. ನಾನು ಕೈಮೇಲೆ ಕೈ ಹಾಕಿ ಆಣೆ ಮಾಡಿದೆ. ಇಬ್ಬರಿಗೂ ಗ್ಲೌಸ್ ಇತ್ತು, ಆದರೂ ಆಣೆ ಆಣೆಯೇ.

ಪಿಆರ್ ಬಂತು, ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ಉಳಿಯುವ ಹಕ್ಕು ಸಿಕ್ಕಿತು. ಅವಳಿಗೆ ಮೆಲ್ಬರ್ನ್‌ನಲ್ಲಿ ಐಟಿ ಕೆಲಸ ಸಿಕ್ಕಿತು, ನನಗೆ ಮದುವೆಯಾಯಿತು. ಆಮೇಲೆ ಮನೆ, ಮಾರ್ಟ್‌ಗೇಜು, ಒಬ್ಬ ಮಗಳು, ಇನ್ನೊಬ್ಬ ಮಗಳು. ಅವಳು ಮದುವೆಯ ಗೊಡವೆಗೆ ಹೋಗಲಿಲ್ಲ. ಪ್ರತಿ ವರ್ಷ ಯುಗಾದಿಗೆ ಫೋನ್ ಮಾಡಿದಾಗ, ಈ ವರ್ಷ ಹೋಗೋಣವಾ ಎಂದು ಕೇಳುತ್ತಿದ್ದಳು. ಮುಂದಿನ ವರ್ಷ ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಲವೂ ಮುಂದಿನ ವರ್ಷ ಖಂಡಿತ ಹೋಗುತ್ತೇನೆಂದೇ ನಂಬಿ ಹೇಳುತ್ತಿದ್ದೆ. ಮಗಳ ಹಾಲುಹಲ್ಲು ಬೀಳಲಿ, ಇವರ ಕೆಲಸ ಪರ್ಮನೆಂಟ್ ಆಗಲಿ, ಅಡುಗೆಮನೆ ರಿಪೇರಿ ಮುಗಿಯಲಿ. ಟಂಡ್ರಾ ಎಲ್ಲಿಗೆ ಓಡಿಹೋಗುತ್ತದೆ? ಗೊಜ್ಜು ಕೇಳಿದ ವರ್ಷದ ಯುಗಾದಿಗೆ ಮಾತ್ರ ಅವಳು ಹಬ್ಬದ ಶುಭಾಶಯ ಹೇಳಿದಳು, ಬೇವುಬೆಲ್ಲ ತಿಂದೆಯಾ ಎಂದಳು, ಫೋನ್ ಇಟ್ಟಳು. ಏನೋ ಬಿಟ್ಟುಹೋಗಿದೆ ಎಂದು ನನಗೆ ಆಗ ಅನ್ನಿಸಲೂ ಇಲ್ಲ.

ಬರ್ತ್‌ಡೇ ಪಾರ್ಟಿಯಿಂದ ಮನೆಗೆ ಬಂದವಳು ಎರಡು ವಾರ ಹೊಟ್ಟೆ ಉರಿದುಕೊಂಡೇ ಕಳೆದೆ. ಹೀಟರ್ ಮುಂದೆ ಕೂತು ಯೂನಿಫಾರ್ಮ್ ಇಸ್ತ್ರಿ ಮಾಡುವಾಗಲೂ ಹುಬ್ಬಳ್ಳಿಯವಳು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ಎತ್ತರವಾ, ಚೆಲುವೆಯಾ, ನನಗಿಂತ ಚಿಕ್ಕವಳಾ. ಗೊರಕೆ ಹೊಡೆಯಲಿ ದೇವರೇ ಎಂದು ಹಾರೈಸಿದೆ. ನನ್ನ ಗಂಡನಿಗೆ ಇದೆಲ್ಲ ತಮಾಷೆ. ಆ ಚಳೀಲಿ ಸೊಳ್ಳೆ ಕಡಿಸ್ಕೊಂಡು ನೆಲದ ಮೇಲೆ ಮಲಗೋಕೆ ಯಾಕೆ ಇಷ್ಟು ಸಂಕಟ ನಿಂಗೆ ಎಂದರು. ನಾನೂ ಒಂದೆರಡು ದಿನ, ಹೌದು, ಅಲ್ಲಿ ಏನಿದೆ ಮಣ್ಣು ಎಂದು ಹೇಳಿಕೊಂಡು ತಿರುಗಿದೆ. ಕೈಗೆಟುಕದ ದ್ರಾಕ್ಷಿ ಹುಳಿ. ಅದು ಹುಳಿಯಲ್ಲವೆಂದು ನರಿಗೂ ಗೊತ್ತಿತ್ತು.

ಆಗಸ್ಟಿನಲ್ಲಿ ಅವಳು ಫೋನ್ ಮಾಡಿ, ವಾಪಸ್ ಬಂದೆ, ಶನಿವಾರ ಫ್ರೆಂಡ್ಸನ್ನೆಲ್ಲ ಊಟಕ್ಕೆ ಕರೆದಿದ್ದೇನೆ, ಫೋಟೋ ತೋರಿಸುತ್ತೇನೆ, ನೀನು ಬರಲೇಬೇಕು ಎಂದಳು. ಎಲ್ಲಿಂದ ವಾಪಸ್ ಬಂದದ್ದು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಅಗ್ಗದ ಟಿಕೆಟ್ ಬುಕ್ ಮಾಡಿ, ಶನಿವಾರ ಬೆಳಗಿನ ವಿಮಾನ ಹಿಡಿದೆ. ಹೋಗುವುದು ಯಾಕೆಂದು ನನಗೆ ಸ್ಪಷ್ಟವಾಗಿತ್ತು. ಮುಂದಿನ ಸಲಕ್ಕೆ ನೀನು ಬಾ ಎಂದು ಅವಳು ಒಂದು ಮಾತು ಕರೆಯಬೇಕು. ಹುಬ್ಬಳ್ಳಿಯವಳ ಎದುರಿಗೇ ಕರೆಯಬೇಕು. ಕರೆದರೆ ಎಲ್ಲ ಮಾಫಿ.

ಬಾಗಿಲು ತೆರೆದವಳು ಹುಬ್ಬಳ್ಳಿಯವಳೇ. ಗೆಳತಿಯ ಆಫೀಸಿನಲ್ಲೇ ಕೆಲಸ, ಎರಡು ಬೀದಿ ಆಚೆ ಮನೆ. ಕುಳ್ಳಗಿದ್ದಳು, ಅಷ್ಟು ಸಮಾಧಾನ. ನನ್ನ ಚೀಲವನ್ನು ಕೈಯಿಂದ ಕಿತ್ತುಕೊಂಡು, "ಬರ್ರೀ ಅಕ್ಕಾರ, ನಿಮ್ಮ ಬಗ್ಗೆ ಭಾಳ ಕೇಳೇನ್ರಿ" ಎಂದಳು. ಅಕ್ಕ ಅನ್ನಿಸಿಕೊಂಡ ಮೇಲೆ ಜಗಳ ಆಡುವುದು ಕಷ್ಟ. ಗೆಳತಿ ಒಳಗಿನಿಂದ ಓಡಿ ಬಂದು ತಬ್ಬಿಕೊಂಡಳು. ಬಿಸಿಲಿಗೆ ಮುಖ ಕಂದಿತ್ತು, ಕುತ್ತಿಗೆಯ ಮೇಲೆ ಸೊಳ್ಳೆ ಕಚ್ಚಿದ ಗುರುತು ಇನ್ನೂ ಇತ್ತು. ಆ ಗುರುತನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತೆಂದರೆ ಯಾರೂ ನಂಬುವುದಿಲ್ಲ.

ಊಟಕ್ಕೆ ಏಳೆಂಟು ಜನರಿದ್ದರು. ಊಟದ ಮೇಲೆ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಫೋಟೋ ಶುರು. ಲ್ಯಾಪ್‌ಟಾಪ್ ಹುಬ್ಬಳ್ಳಿಯವಳ ತೊಡೆಯ ಮೇಲಿತ್ತು, ಗೆಳತಿ ಅವಳ ಪಕ್ಕ ನೆಲದ ಮೇಲೆ ಕೂತಿದ್ದಳು. ನನಗೆ ಗೌರವದಿಂದ ಸೋಫಾ ಕೊಟ್ಟಿದ್ದರು.

ಮೊದಲು ಜಲ್ಲಿ ರಸ್ತೆ. ದಿನವಿಡೀ ಬಾಡಿಗೆ ಕಾರಿನಲ್ಲಿ ಹೋದರೂ ಮುಗಿಯದ ರಸ್ತೆಯಂತೆ. ಮರಗಳು ಗಿಡ್ಡವಾಗುತ್ತಾ ಗಿಡ್ಡವಾಗುತ್ತಾ ಕೊನೆಗೆ ಇಲ್ಲವೇ ಇಲ್ಲ. ಆಮೇಲೆ ಕ್ಯಾಂಪು. ಕೆಲವೇ ಟೆಂಟುಗಳಿಗೆ ಜಾಗ, ಹಲಗೆಯ ಒಂದು ಕಕ್ಕಸು, ಅಡುಗೆಗೆಂದು ದೂರದಲ್ಲಿ ಗೋಡೆಯಿಲ್ಲದ ಒಂದು ಮಾಡು, ಅದರ ಪಕ್ಕ ದೊಡ್ಡ ಕಬ್ಬಿಣದ ಪೆಟ್ಟಿಗೆ. ನೀರು ಬೇಕಿದ್ದರೆ ಹೊಳೆಯಿಂದ ತಂದು ಕುದಿಸಿ ಕುಡಿಯಬೇಕು. ನೆಲವೆಲ್ಲ ರಾಗಿಮುದ್ದೆಗಳನ್ನು ಸಾಲಾಗಿ ಇಟ್ಟ ಹಾಗೆ ಉಬ್ಬುಬ್ಬಾಗಿ ಹುಲ್ಲಿನ ಗಡ್ಡೆಗಳು, ನಡುನಡುವೆ ನೀರು, ಅಲ್ಲಲ್ಲಿ ಬಿಳಿ ಹತ್ತಿಯಂತಹ ಹೂ. ಕಾಲಿನ ಗಂಟಿನ ಎತ್ತರಕ್ಕೆ ಬೆಳೆದ ಗಿಡವನ್ನು ತೋರಿಸಿ, ಇದು ಅಲ್ಲಿನ ಮರ, ನಮ್ಮಷ್ಟೇ ವಯಸ್ಸಾಗಿರಬಹುದಂತೆ ಎಂದರು. ಕಿತ್ತಳೆ ಬಣ್ಣದ ಟೆಂಟು. ಅದರ ಬಾಯಲ್ಲಿ ಎರಡು ಜೊತೆ ಶೂಗಳು ಒಂದರ ಮೇಲೊಂದು ಬಿದ್ದಿದ್ದವು. ಎಲ್ಲರೂ ಟೆಂಟಿನ ಹಿಂದಿದ್ದ ಮಧ್ಯರಾತ್ರಿಯ ಸೂರ್ಯನನ್ನು ನೋಡಿ ಬಾಯಿ ತೆರೆದರು. ನಾನು ಶೂಗಳನ್ನೇ ನೋಡುತ್ತಿದ್ದೆ.

ಆಮೇಲೆ ಒಗ್ಗರಣೆಯ ಕಥೆ. ಅದನ್ನು ಇಬ್ಬರೂ ಸೇರಿ ಹೇಳಿದರು. ಒಬ್ಬಳು ಅರ್ಧಕ್ಕೆ ಬಿಟ್ಟ ಮಾತನ್ನು ಇನ್ನೊಬ್ಬಳು ಮುಗಿಸುವುದು, ಇನ್ನೊಬ್ಬಳು ನಗು ತಡೆಯಲಾರದೆ ನಿಲ್ಲಿಸಿದ್ದನ್ನು ಇವಳು ಎತ್ತಿಕೊಳ್ಳುವುದು. ಕೋಲ್ಡ್ ಸ್ಟೋರೇಜಿನ ಕಥೆಗಳನ್ನು ನಾವಿಬ್ಬರು ಹೀಗೆಯೇ ಹೇಳುತ್ತಿದ್ದೆವು.

ಆ ಕ್ಯಾಂಪಿನಲ್ಲಿ ಒಂದೇ ಕಟ್ಟುನಿಟ್ಟು. ಕರಡಿಗಳು ಓಡಾಡುವ ಜಾಗ, ಆದ್ದರಿಂದ ಟೆಂಟಿನ ಹತ್ತಿರ ಅಡುಗೆ ಕೂಡದು, ತಿನ್ನುವ ವಸ್ತು ಇಡಕೂಡದು. ಎಲ್ಲ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಮೊದಲ ಸಂಜೆ ಗಾಳಿ ಜೋರು, ಅಡುಗೆಯ ಮಾಡಿನ ಕೆಳಗೆ ಸ್ಟವ್ ಹತ್ತಿ ನಿಲ್ಲಲಿಲ್ಲ. ಅನ್ನವನ್ನು ಹೇಗೋ ಅಲ್ಲೇ ಬೇಯಿಸಿಕೊಂಡರು. ಗೊಜ್ಜು ಕಲಸಿ ತಿಂದುಬಿಡೋಣ ಎಂದಳಂತೆ ಹುಬ್ಬಳ್ಳಿಯವಳು. ನನ್ನ ಗೆಳತಿ ಒಪ್ಪಲಿಲ್ಲ. ಒಗ್ಗರಣೆಯಿಲ್ಲದೆ ಕಲಸಿದರೆ ಸಿಡ್ನಿಯಲ್ಲಿ ಒಬ್ಬಳಿಗೆ ಗೊತ್ತಾಗುತ್ತದೆ ಎಂದಳಂತೆ. ಒಗ್ಗರಣೆ ಅಂದರೆ ಅಡುಗೆಯಲ್ಲವಲ್ಲ, ಎರಡು ನಿಮಿಷದ ಕೆಲಸ ಎಂದುಕೊಂಡು ಸ್ಟವ್ ಅನ್ನು ಗಾಳಿಗೆ ಮರೆಯಾಗಿ ಟೆಂಟಿನ ಬಾಯಿಗೇ ತಂದು, ಎಣ್ಣೆ ಕಾಯಿಸಿ, ಸಾಸಿವೆ, ಕಡಲೆಬೀಜ, ಒಣಮೆಣಸಿನಕಾಯಿ, ಮೇಲೆ ಧಾರಾಳವಾಗಿ ಇಂಗು.

ಆ ಬಯಲಿನಲ್ಲಿ ಘಮ ಎಷ್ಟು ದೂರ ಹೋಗಿರಬೇಕು! ಕ್ಯಾಂಪ್ ನೋಡಿಕೊಳ್ಳುವ ನರೆಗೂದಲ ಹೆಂಗಸು ಆಚೆ ತುದಿಯ ತನ್ನ ಕ್ಯಾರವಾನಿನಿಂದ ಮೂಗು ಹಿಡಿದ ದಾರಿಯಲ್ಲೇ ನೇರವಾಗಿ ನಡೆದು ಬಂದಳು. ಅವಳು ಹತ್ತಿರ ಬರುವುದನ್ನು ಕಂಡ ನನ್ನ ಗೆಳತಿ, ಪಾಪ, ಘಮಕ್ಕೆ ಹಸಿವಾಗಿ ಬರುತ್ತಿದ್ದಾಳೆ ಎಂದುಕೊಂಡು ತಟ್ಟೆಗೆ ಪುಳಿಯೋಗರೆ ಬಡಿಸಿ, ಎರಡು ಕೈಯಲ್ಲೂ ಹಿಡಿದು, ಬನ್ನಿ ಊಟ ಮಾಡಿ ಎಂದಳಂತೆ. ಬಾಗಿಲಿಗೆ ಬಂದವರಿಗೆ ಊಟ ಆಯಿತಾ ಎಂದು ಕೇಳದೆ ನಮಗೆ ಬೇರೆ ಮಾತು ಬರುವುದಿಲ್ಲ. ಬೈಯಲು ಬಂದ ಹೆಂಗಸು ತಟ್ಟೆ ಹಿಡಿದುಕೊಂಡೇ ಬೈದಳಂತೆ. ನಾನು ವಾಸನೆ ಹಿಡಿದು ಬಂದೆ, ಕರಡಿಯ ಮೂಗು ನನ್ನದಕ್ಕಿಂತ ಎಷ್ಟೋ ಚುರುಕು ಎಂದಳಂತೆ.

ಟೆಂಟು ಕಿತ್ತು ಬೇರೆ ಕಡೆ ಹಾಕಬೇಕಾಯಿತು. ಒಗ್ಗರಣೆ ಘಮ ಹತ್ತಿದ ಜಾಕೆಟ್ಟು, ಸ್ವೆಟರು, ಬಾಗಿಲ ಬಳಿ ಹಾಸಿದ್ದ ಒಂದು ಸ್ಲೀಪಿಂಗ್ ಬ್ಯಾಗು, ನನ್ನ ಗೊಜ್ಜಿನ ಬಾಟಲಿಗಳು, ಎಲ್ಲವೂ ಕಬ್ಬಿಣದ ಪೆಟ್ಟಿಗೆಯೊಳಗೆ ಜೈಲಿಗೆ ಹೋದವು. ಉಳಿದ ಒಂದೇ ಸ್ಲೀಪಿಂಗ್ ಬ್ಯಾಗನ್ನು ಬಿಚ್ಚಿ ಇಬ್ಬರೂ ಹೊದ್ದುಕೊಂಡರು. ಸೂರ್ಯ ಮುಳುಗುವುದಿಲ್ಲ, ಚಳಿಗೆ ಹಲ್ಲು ಕಟಕಟ, ನಿದ್ದೆ ಹತ್ತುವುದಿಲ್ಲ. ಮಲಗಿದಲ್ಲೇ ನಗು. ಮತ್ತೆ ಒಗ್ಗರಣೆಯ ಸಾಹಸಕ್ಕೆ ಹೋಗದೆ, ಉಳಿದ ದಿನವೆಲ್ಲ ಹುಬ್ಬಳ್ಳಿಯವಳು ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ಕಳೆಯಿತು. ಬೇಯಿಸಬೇಕಾಗಿಲ್ಲ, ಕೆಡುವುದಿಲ್ಲ, ಮುರಿದು ಬಾಯಿಗೆ ಹಾಕಿಕೊಂಡರಾಯಿತು. ಟಂಡ್ರಾಕ್ಕೆ ಹೇಳಿ ಮಾಡಿಸಿದ ಊಟ ಎಂದು ಎಲ್ಲರೂ ಹೊಗಳಿದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಎರಡು ಬಗೆಯ ಉರಿ. ಸಿಡ್ನಿಯಲ್ಲಿ ಒಬ್ಬಳಿಗೆ ಗೊತ್ತಾಗುತ್ತದೆ ಎಂದಳಲ್ಲ, ಭೂಮಿಯ ತುದಿಯಲ್ಲೂ ನನ್ನ ಮಾತು ಮೀರಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಹಾಗೆ ನನ್ನ ಮಾತು ನಡೆಸಿದ್ದರಿಂದಲೇ ಅವರಿಬ್ಬರೂ ಒಂದೇ ಹೊದಿಕೆಯೊಳಗೆ ಹೋಗಿ ನಕ್ಕದ್ದು ಎಂಬುದನ್ನು ಮಾತ್ರ ನುಂಗಲಾಗಲಿಲ್ಲ. ಹುಬ್ಬಳ್ಳಿಯವಳು ನನ್ನ ಕಡೆ ತಿರುಗಿ, ಗೊಜ್ಜಿನ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದು ಹೊಗಳಿ, "ಸ್ವಲ್ಪ ಹುಳಿ ಜಾಸ್ತಿ ಆಗಿತ್ರಿ, ಅಷ್ಟ" ಎಂದಳು. ನನ್ನ ಗೊಜ್ಜಿಗೆ ಹುಳಿ ಜಾಸ್ತಿ ಎಂದವರು ಅವಳೇ ಮೊದಲು, ಅವಳೇ ಕೊನೆ.

ಕೊನೆಯ ಫೋಟೋ ಬಂದಾಗ ಯಾರೋ, ಮತ್ತೆ ಹೋಗುತ್ತೀರಾ ಎಂದರು. ಮುಂದಿನ ಆಗಸ್ಟ್ ಕೊನೆಗೆ ಹೋಗುತ್ತೇವೆ ಎಂದರು ಇಬ್ಬರೂ ಒಟ್ಟಿಗೆ. ಆಗ ಸೊಳ್ಳೆಯಿಲ್ಲ, ನೆಲವೆಲ್ಲ ಕೆಂಪಗಾಗುತ್ತದಂತೆ, ಗಿಡದ ತುಂಬ ಹಣ್ಣಂತೆ. ನಾನು ಸೋಫಾದ ಮೇಲೆ ನೆಟ್ಟಗೆ ಕೂತೆ. ಕರೆಯುವುದಾದರೆ ಈಗ ಕರೆಯಬೇಕು. ಗೆಳತಿ ನನ್ನ ಕಡೆ ನೋಡಿದಳು. ನೋಡಿ, "ಕಾಫಿ ಮಾಡ್ಲಾ ನಿಂಗೆ?" ಎಂದಳು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಹುಬ್ಬಳ್ಳಿಯವಳೂ ಮನೆಗೆ ಹೋಗಿದ್ದಳು. ಇನ್ನು ತಡೆಯಲಾಗಲಿಲ್ಲ. ನನಗೆ ಒಂದು ಮಾತು ಹೇಳದೆ ಹೋದೆಯಲ್ಲ, ಗೊಜ್ಜಿಗೆ ನಾನು ಬೇಕು, ಟಂಡ್ರಾಕ್ಕೆ ಬೇಡವಾ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಅವಳು ನಲ್ಲಿ ನಿಲ್ಲಿಸಿದಳು. "ನಿನ್ನ ಎಷ್ಟು ವರ್ಷ ಕೇಳ್ದೆ ಹೇಳು. ಊರಲ್ಲಿ ದೆವ್ವ ಬರಬಾರ್ದು ಅಂತ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರಲ್ಲ, ಹಾಗಾಗೋಯ್ತು ಕಣೆ. ನಾನು ಪ್ರತಿ ವರ್ಷ ಬರೋದು, ಓದೋದು, ವಾಪಸ್ ಹೋಗೋದು."

ನನಗೆ ಸಿಟ್ಟು ಬಂತು. ನಿನಗೇನಮ್ಮ, ಹಿಂದಿಲ್ಲ ಮುಂದಿಲ್ಲ, ಬ್ಯಾಗ್ ಹಾಕಿಕೊಂಡು ಹೊರಟರಾಯಿತು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡವಳ ಪಾಡು ನಿನಗೇನು ಗೊತ್ತು ಎಂದೆ. ಅವಳು ತಿರುಗಿ ಜಗಳವಾಡಿದ್ದರೆ ನನಗೆ ಹಿತವಾಗುತ್ತಿತ್ತು. ಹಿಂದೆ ರೂಮಿನಲ್ಲಿದ್ದಾಗ ಒಂದು ಬಕೆಟ್ ಬಿಸಿನೀರಿಗೆ ಗಂಟೆಗಟ್ಟಲೆ ಜಗಳವಾಡುತ್ತಿದ್ದೆವು. ಈಗ ಅವಳು, ಅದೂ ನಿಜವೇ, ನಿನ್ನ ಮೇಲೆ ನನಗೆ ಬೇಜಾರೇನಿಲ್ಲ ಎಂದು ಮತ್ತೆ ನಲ್ಲಿ ತಿರುಗಿಸಿದಳು. ಅವಳಿಗೆ ಬೇಜಾರಿಲ್ಲ ಎನ್ನುವುದು ನಿಜವಾಗಿತ್ತು, ಅದೇ ನನ್ನನ್ನು ಹೆದರಿಸಿದ್ದು.

ಭಾನುವಾರ ಅವಳು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಮಕ್ಕಳಿಗೆ ಟೀ ಶರ್ಟ್ ಕೊಡಿಸಿದಳು, ಮಧ್ಯಾಹ್ನ ನನಗಿಷ್ಟವೆಂದು ಅಕ್ಕಿರೊಟ್ಟಿ ತಟ್ಟಿದಳು. ಹೊರಡುವ ಹೊತ್ತಿಗೆ ಹುಬ್ಬಳ್ಳಿಯವಳು ಬಂದು, ಮಕ್ಕಳಿಗೆ ಕೊಡಿ ಎಂದು ಕಡಕ್ ರೊಟ್ಟಿಯ ಕಟ್ಟನ್ನು ನನ್ನ ಚೀಲದಲ್ಲಿ ಮುರಿಯದ ಹಾಗೆ ಬಟ್ಟೆಗಳ ನಡುವೆ ಇಟ್ಟಳು. ಆ ಹುಡುಗಿಯಲ್ಲಿ ಒಂದು ಕೆಟ್ಟ ಗುಣವನ್ನಾದರೂ ದೇವರು ಇಟ್ಟಿರಬಾರದಿತ್ತೇ.

ಏರ್‌ಪೋರ್ಟಿಗೆ ಗೆಳತಿಯೇ ಕಾರಿನಲ್ಲಿ ಬಿಡಲು ಬಂದಳು. ದಾರಿಯುದ್ದಕ್ಕೂ ನಾನು ಕಾದೆ. ಅವಳು ನನ್ನ ಮಾರ್ಟ್‌ಗೇಜು ಎಷ್ಟಕ್ಕೆ ಬಂತು, ದೊಡ್ಡ ಮಗಳು ಕನ್ನಡ ಮಾತಾಡುತ್ತಾಳಾ, ನಿಮ್ಮ ಸಬರ್ಬ್‌ನಲ್ಲಿ ರೆಂಟ್ ಏರಿದೆಯಾ ಎಂದೆಲ್ಲ ಕೇಳಿದಳು. ಕೇಳಬೇಕಾದ್ದನ್ನು ಕೇಳಲಿಲ್ಲ. ಇಳಿಸುವ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿಸಲು ಬಿಡುವುದಿಲ್ಲ. ಅವಳು ಕಾರು ನಿಲ್ಲಿಸಿ ಬ್ರೇಕ್ ಎಳೆದು, ಸರಿ ಹಾಗಾದರೆ ಎಂದಳು. ನಾನು ಇಳಿಯಲಿಲ್ಲ. ಸೀಟ್ ಬೆಲ್ಟನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಜನ್ಮದಲ್ಲಿ ಕರೆಯದೆ ಎಲ್ಲಿಗೂ ಹೋದವಳಲ್ಲ ನಾನು.

"ಮುಂದಿನ ಆಗಸ್ಟ್‌ಗೆ ನಾನೂ ಬರ್ಲಾ?" ಎಂದೆ.

ಅವಳು ನನ್ನ ಕಡೆ ತಿರುಗಿದಳು. ನಿಜವಾಗಲೂ ಬರುತ್ತೀಯಾ ಎಂದಳು. ಮಕ್ಕಳನ್ನು ಇವರು ನೋಡಿಕೊಳ್ಳುತ್ತಾರೆ, ರಜೆಗೆ ನಾಳೆಯೇ ಹೇಳುತ್ತೇನೆ, ಗೊಜ್ಜೂ ತರುವುದಿಲ್ಲ, ಏನೂ ತರುವುದಿಲ್ಲ ಎಂದೆ. ಅವಳ ಮುಖ ಅರಳಿತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ಆದ ಸಂತೋಷ ನಾಟಕದ್ದಲ್ಲ, ಅವಳ ಮುಖ ನನಗೆ ಚೆನ್ನಾಗಿ ಗೊತ್ತು.

"ಬಾರೇ, ಚೆನ್ನಾಗಿರತ್ತೆ. ಒಂದ್ಸಲ ಅವಳನ್ನ ಕೇಳಿ ಹೇಳ್ತೀನಿ" ಎಂದಳು.

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಕೇಳಿ ಹೇಳು ಎಂದು ನಾನು ಇಳಿದೆ.